ಶೆಡ್ಡಿನ ಹುಡುಗಿಯನ್ನು ನಾವು ಓದಿಸಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಫ್ಲ್ಯಾಟ್ ಮಂಗಳೂರಿನ ಕಾವೂರಲ್ಲಿ, ಪಕ್ಕದಲ್ಲೇ ಹೊಸ ಬಿಲ್ಡಿಂಗ್ ಕೆಲಸ ನಡೀತಾ ಉಂಟು. ಅಲ್ಲಿ ತಗಡಿನ ಶೆಡ್ಡಲ್ಲಿ ಕೊಪ್ಪಳ ಕಡೆಯ ಫ್ಯಾಮಿಲಿ ಇದೆ, ಒಂಬತ್ತು ವರ್ಷದ ಹುಡುಗಿ ಇಡೀ ದಿನ ಮೂರು ವರ್ಷದ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗ್ತಾಳೆ, ಶಾಲೆಗೆ ಹೋಗುದಿಲ್ಲ. ತಿಂಗಳಿಗೆ 1,500 ರೂಪಾಯಿ ಹಾಕಿ ಅವಳನ್ನು ಓದಿಸುವ ಅಂತ ನಾನೂ ನಮ್ಮವರೂ ಮಾತಾಡಿದ್ದೇವೆ. ಇಂಗ್ಲಿಷ್ ಮೀಡಿಯಂಗೆ ಸೇರಿಸುದಾ, ಅಥವಾ ಮಕ್ಕಳನ್ನು ಸ್ಪಾನ್ಸರ್ ಮಾಡಿಸುವ ಸಂಸ್ಥೆಗೆ ಕಟ್ಟುದಾ?
– ಒಬ್ಬ ಓದುಗರು, ಕಾವೂರು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು, ಎಷ್ಟೋ ಜನ ಬಾಲ್ಕನಿಯಿಂದ ನೋಡಿ ಪಾಪ ಅಂತ ಹೇಳಿ ಒಳಗೆ ಹೋಗ್ತಾರೆ. ಆದ್ರೆ ನಂಗೆ ಮೊದಲು ಕಂಡದ್ದು ಆ ತಮ್ಮ. ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋದ್ರೆ ಅವನನ್ನು ನೋಡ್ಕೊಳ್ಳುದು ಯಾರು? ಅದಕ್ಕೇ ಅವಳು ಶೆಡ್ಡಲ್ಲಿ ಇರುದು. ಮೊದಲು ಅವನನ್ನು ಹತ್ತಿರದ ಅಂಗನವಾಡಿಗೆ ಸೇರಿಸಿ, ಮೂರರಿಂದ ಆರು ವರ್ಷದವರಿಗೆ ಅಲ್ಲಿ ಊಟವೂ ಸಿಗ್ತದೆ.

ಅವಳಿಗೆ ಸರ್ಕಾರಿ ಶಾಲೆಯೇ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಓದು ಉಚಿತ, ಟಿಸಿ ಇಲ್ಲ ಬರ್ತ್ ಸರ್ಟಿಫಿಕೇಟ್ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ವರ್ಷದ ಮಧ್ಯದಲ್ಲಿ ಬಂದ್ರೂ ಸೇರಿಸ್ಕೊಳ್ಬೇಕು, ಅದೂ ವಯಸ್ಸಿಗೆ ಸರಿಯಾದ ಕ್ಲಾಸಿಗೆ. ಪುಸ್ತಕ, ಯೂನಿಫಾರ್ಮ್, ಬಿಸಿಯೂಟ, ಹಾಲು ಎಲ್ಲ ಅಲ್ಲೇ ಉಂಟು.

ಹಾಗಾದ್ರೆ ನಿಮ್ಮ ದುಡ್ಡು ಎಲ್ಲಿಗೆ? ಮಳೆಗಾಲಕ್ಕೆ. ಇದು ನಾನು ಅನುಭವಿಸಿ ಹೇಳುದು. ಕೆಲವು ವರ್ಷದ ಹಿಂದೆ ಉಡುಪಿಯಲ್ಲಿ ಇಂಥದ್ದೇ ಒಬ್ಬ ಹುಡುಗನನ್ನು ನಾವು ಪ್ರೈವೇಟ್ ಶಾಲೆಗೆ ಸೇರಿಸಿದ್ವಿ, ಮೇ ತಿಂಗಳಲ್ಲೇ ಫೀಸು ಕಟ್ಟಿ ಕಪ್ಪು ಶೂ ಕೂಡ ತಗೊಂಡಾಯ್ತು. ಜೂನಲ್ಲಿ ಮಳೆ ಹಿಡೀತು, ಸೈಟ್ ಕೆಲಸ ನಿಂತಿತು, ಅವ್ರೆಲ್ಲ ಬಿತ್ತನೆಗೆ ಅಂತ ಊರಿಗೆ ಹೋದ್ರು. ದೀಪಾವಳಿ ಕಳೆದು ಬಂದಾಗ ಶಾಲೆಯವರು ಹಾಜರಿ ಇಲ್ಲ ಅಂತ ಕೈ ಎತ್ತಿಬಿಟ್ರು. ಅವನಮ್ಮ ಆ ಶೂವನ್ನು ಪ್ಲಾಸ್ಟಿಕ್‌ಲ್ಲಿ ಸುತ್ತಿ ಊರಿಗೂ ತಗೊಂಡು ಹೋಗಿ ಜೋಪಾನವಾಗಿ ವಾಪಸ್ ತಂದಿದ್ಳು, ಒಂದು ಗೀರೂ ಇಲ್ಲ, ಆದ್ರೆ ಹುಡುಗನ ಕಾಲು ಅದರೊಳಗೆ ಹೋಗ್ಲಿಲ್ಲ. ಅವಳು ಹಿಮ್ಮಡಿ ಹಿಡಿದು ಒತ್ತಿ ಒತ್ತಿ ನೋಡಿದ್ದು ಇವತ್ತಿಗೂ ಕಣ್ಣ ಮುಂದೆ ಉಂಟು.

ತಿಂಗಳಿಗೆ 1,500 ಅಂದ್ರೆ ವರ್ಷಕ್ಕೆ 18,000 ಆಯ್ತು. ಅದರಲ್ಲಿ ದೊಡ್ಡ ಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ಗೆ ಎತ್ತಿಡಿ, ಒಂದು ರೂಮಿನ ಬಾಡಿಗೆಗೋ ಅಕ್ಕಿ ಬೇಳೆಗೋ, ಅಮ್ಮ ಮಕ್ಕಳಾದ್ರೂ ಇಲ್ಲೇ ನಿಲ್ಲುವ ಹಾಗೆ. ಅಪ್ಪ ಕುಡೀತಾನೆ ಅಂತ ಮೊದಲೇ ತೀರ್ಮಾನ ಮಾಡ್ಬೇಡಿ, ಬಾಡಿಗೆಯನ್ನು ನೇರ ಓನರಿಗೇ ಕೊಟ್ರಾಯ್ತು. ಅಪ್ಪ ಅಮ್ಮನಿಗೆ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಉಂಟಾ ಅಂತಲೂ ಕೇಳಿ, ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಆಗ್ತದೆ, ಮಕ್ಕಳ ಓದಿಗೂ ಸಹಾಯ ಬರ್ತದೆ.

ಸಂಸ್ಥೆ ಮೂಲಕ ಕೊಡುದೂ ತಪ್ಪಲ್ಲ. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತಿಬ್ಬರು 2013ರಲ್ಲಿ ಭಾರತವೂ ಸೇರಿ ಆರು ದೇಶಗಳ ಅಧ್ಯಯನ ಪ್ರಕಟಿಸಿದ್ರು, ಒಂದು ಸಂಸ್ಥೆಯ ಸ್ಪಾನ್ಸರ್‌ಶಿಪ್ ಸಿಕ್ಕ ಮಕ್ಕಳು ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದು ಅದರಲ್ಲಿ ಕಂಡಿತ್ತು. ಆದ್ರೆ ನಿಮ್ಮ ದುಡ್ಡು ಒಂದೇ ಮಗುವಿಗಾ ಇಡೀ ಕಾಲೊನಿಗಾ ಅಂತ ಕೇಳಿಕೊಳ್ಳಿ, ಆಡಿಟ್ ಲೆಕ್ಕ ನೋಡಿ. 2,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಸಿಗುದಿಲ್ಲ. ಮತ್ತೊಂದು, ಹುಡುಗಿಯ ಫೋಟೊ ದಯವಿಟ್ಟು ಸ್ಟೇಟಸ್‌ಗೆ ಹಾಕ್ಬೇಡಿ, ನಾಳೆ ಅವಳ ಕ್ಲಾಸಿನವರೂ ಅದನ್ನು ನೋಡ್ತಾರೆ.

ಮೊದಲು ಒಂದು ಸಂಜೆ, ಕೆಲಸ ಬಿಟ್ಟು ಬಂದು ಒಲೆ ಹಚ್ಚುವ ಹೊತ್ತಿಗೆ ಹೋಗಿ ಅವಳಮ್ಮನ ಹತ್ರ ಕೂತ್ಕೊಳ್ಳಿ. ಈ ಸಲ ಊರಿಗೆ ಯಾವಾಗ ಹೋಗ್ತೀರಿ, ವಾಪಸ್ ಯಾವಾಗ ಬರ್ತೀರಿ ಅಂತ ಕೇಳಿ. ಉಳಿದದ್ದನ್ನು ಅವಳು ಹೇಳುದನ್ನು ಕೇಳಿದ ಮೇಲೆ ನಿಶ್ಚಯ ಮಾಡಿ.