ಪ್ರೌಢಶಾಲಾ ವಿದ್ಯಾರ್ಥಿಗೆ ಮುಕ್ತ ತಂತ್ರಾಂಶ ನಡೆಯುವ ಪುಟ್ಟ ಲ್ಯಾಪ್‌ಟಾಪ್ ಆರಿಸುವುದು ಹೇಗೆ?

ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ, ಕಚೇರಿಯೊಂದರಲ್ಲಿ ಮೂರು-ನಾಲ್ಕು ವರ್ಷ ದುಡಿದ 12ರಿಂದ 14 ಇಂಚಿನ ಲೆನೊವೊ ಥಿಂಕ್‌ಪ್ಯಾಡ್ ಅಥವಾ ಡೆಲ್ ಲ್ಯಾಟಿಟ್ಯೂಡ್ ಕೊಂಡು, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡಿ. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ಶಾಲೆಯ ಕೆಲಸಕ್ಕೆ ಧಾರಾಳವಾಯಿತು.

ಕಾರಣ ಇರುವುದು ಡ್ರೈವರ್‌ಗಳಲ್ಲಿ. ವೈ-ಫೈ, ಧ್ವನಿ, ಟಚ್‌ಪ್ಯಾಡ್‌ಗಳನ್ನು ದುಡಿಸಿಕೊಳ್ಳಲು ಬೇಕಾದ ಸಣ್ಣ ತಂತ್ರಾಂಶಗಳೇ ಡ್ರೈವರ್‌ಗಳು. ಲಿನಕ್ಸ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಕರ್ನಲ್ ಎಂಬ ತಿರುಳಿನೊಳಗೇ ಬರುತ್ತವೆ. ಕಚೇರಿ ಮಾದರಿಗಳನ್ನು ಲಿನಕ್ಸ್ ಬಳಕೆದಾರರು ಬಹುಕಾಲದಿಂದ ಬಳಸುತ್ತಿರುವುದರಿಂದ ಅವುಗಳ ದೋಷಗಳು ಬೇಗ ಪತ್ತೆಯಾಗಿ ಸರಿಹೋಗಿರುತ್ತವೆ. ತೀರಾ ಹೊಸ ಯಂತ್ರದಲ್ಲಿ ಡ್ರೈವರ್ ಇನ್ನೂ ಬಂದಿರದ ಅಪಾಯವಿದೆ.

ಹೆಚ್ಚು ಕಾಡುವುದು ವೈ-ಫೈ ಚಿಪ್. ಇಂಟೆಲ್‌ನದಾದರೆ ಸಾಮಾನ್ಯವಾಗಿ ತಕರಾರಿಲ್ಲ. ಬ್ರಾಡ್‌ಕಾಮ್‌ನದಾದರೆ ಎರಡು ಬಾರಿ ಯೋಚಿಸಿ. (ಇಂಟೆಲ್ ಚಿಪ್‌ನೊಳಗೆ ನಡೆಯುವ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ ಮುಕ್ತವಲ್ಲ, ಅಂದರೆ ಅದರ ಮೂಲ ಸಂಕೇತವನ್ನು ಬೇರೆಯವರು ನೋಡಿ ಬದಲಿಸುವಂತಿಲ್ಲ. ಅದೂ ಮುಕ್ತವಾಗಿರಲೇಬೇಕು ಎಂಬಷ್ಟು ಕಟ್ಟುನಿಟ್ಟು ಬೇಕೆಂದರೆ ಆಯ್ಕೆಗಳು ಬಹಳ ಕಡಿಮೆಯಾಗುತ್ತವೆ. ಮಗುವಿನ ಮೊದಲ ಲ್ಯಾಪ್‌ಟಾಪ್‌ಗೆ ಆ ವ್ರತ ಬೇಡವೆಂದೇ ನನ್ನ ಅಭಿಪ್ರಾಯ.)

ಊಹೆಯ ಮೇಲೆ ಕೊಳ್ಳಬೇಕಾಗಿಯೂ ಇಲ್ಲ. ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು ಹೋಗಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ. ಒಳಗಿನ ಡಿಸ್ಕ್ ಅನ್ನು ಮುಟ್ಟದೆಯೇ ವೈ-ಫೈ, ಕ್ಯಾಮೆರಾ, ಧ್ವನಿ ಎಲ್ಲವನ್ನೂ ಪರೀಕ್ಷಿಸಬಹುದು. ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂಬುದನ್ನೂ ನೋಡಿ. ಹಳೆಯ ಬ್ಯಾಟರಿ ಸೊರಗಿರುತ್ತದೆ, ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಬರವಣಿಗೆ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಸಾಕು. ಆದರೆ ಶಾಲೆಯ ಪರೀಕ್ಷಾ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದ್ದೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.