ವಿಜಯಪುರಕ್ಕೆ ಒಬ್ಬಳೇ ಹೋದರೆ ಅರ್ಧ ದಿನ ಸಾಕಾ?

ಬಾದಾಮಿಗೆ ಒಬ್ಬರೇ ಹೊರಟಿದ್ದೀರಿ, ನಡುವೆ ಅರ್ಧ ದಿನ ವಿಜಯಪುರಕ್ಕೆ ಇಟ್ಟರೆ ಸಾಕಾ, ಗೋಳಗುಮ್ಮಟ ಬಿಟ್ಟರೆ ಅಲ್ಲಿ ಇನ್ನೇನಿದೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ಮಾತು ಕೇಳಿದ್ದೆ. ಆಫೀಸಿನಲ್ಲಿ ಒಬ್ಬರು "ಅರ್ಧ ದಿನ ಧಾರಾಳವಾಯ್ತು" ಅಂದರು. ನಂಬಿಬಿಟ್ಟೆ.

ಬೆಂಗಳೂರಿನಿಂದ ರಾತ್ರಿ ಬಸ್ಸು. ಡಿಸೆಂಬರ್ ತಿಂಗಳು. 500 ಕಿಲೋಮೀಟರಿಗೂ ಜಾಸ್ತಿ ದಾರಿ, ಕಣ್ಣು ಸರಿಯಾಗಿ ಮುಚ್ಚಿರಲಿಲ್ಲ. ಬೆಳಗಿನ ಜಾವ ಐದೂವರೆಗೆ ಇಳಿದೆ. ಬಾದಾಮಿಯಲ್ಲಿ ಅವತ್ತಿನ ರಾತ್ರಿಗೇ ರೂಮು ಬುಕ್ ಮಾಡಿ ದುಡ್ಡೂ ಕಟ್ಟಿಯಾಗಿತ್ತು. ಸಂಜೆ ನಾಲ್ಕಕ್ಕೆ ಬಿಡಲೇಬೇಕು. ಸ್ನಾನಕ್ಕೆ ಅಂತ ಒಂದು ಲಾಡ್ಜಿನಲ್ಲಿ ಕೋಣೆ ತೆಗೆದುಕೊಂಡೆ. ಮಂಚ ಕಂಡಿತು. ಒಂದರ್ಧ ಗಂಟೆ ಅಡ್ಡಾಗೋಣ ಅಂದುಕೊಂಡೆ.

ಎದ್ದಾಗ ಹತ್ತು ಗಂಟೆ.

ಇದೇ ನೋಡಿ ನಾನು ಮಾಡಿದ ತಪ್ಪು. ಕೇಳಲು ಸಣ್ಣದು ಅನ್ನಿಸಬಹುದು. ನಾಲ್ಕು ಗಂಟೆ ನಿದ್ದೆ, ಅದರಲ್ಲೇನು? ಆದರೆ ಗೋಳಗುಮ್ಮಟದ ವಿಷಯದಲ್ಲಿ ಆ ನಾಲ್ಕು ಗಂಟೆಯೇ ಎಲ್ಲ. ಬೇರೆ ಗುಡಿ, ಕೋಟೆ ಆದರೆ ಆರಕ್ಕೆ ಹೋದರೂ ಹನ್ನೊಂದಕ್ಕೆ ಹೋದರೂ ಕಲ್ಲು ಅದೇ ಕಲ್ಲು. ಗೋಳಗುಮ್ಮಟ ಹಾಗಲ್ಲ. ಅದನ್ನು ಕಿವಿಯಿಂದ ನೋಡಬೇಕು. ಮೇಲೆ ಗುಮ್ಮಟದ ಒಳಗೆ ಸುತ್ತಲೂ ಒಂದು ಓಡಾಡುವ ಜಾಗವಿದೆ, ಪಿಸುಗುಟ್ಟುವ ಗ್ಯಾಲರಿ ಅಂತಾರಲ್ಲ ಅದು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಸದ್ದು ಗೋಡೆಯ ಬಾಗನ್ನೇ ಹಿಡಿದುಕೊಂಡು ಸಾಗಿ, ಎದುರು ದಿಕ್ಕಿನಲ್ಲಿ, ಸುಮಾರು 37 ಮೀಟರ್ ಆಚೆ ನಿಂತವರ ಕಿವಿಗೆ ಬೀಳುತ್ತದೆ. ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ತಿರುಗಿ ಬರುತ್ತದೆ. ಈಗ ಲೆಕ್ಕ ಹಾಕಿ. ಒಬ್ಬ ಹುಡುಗ ಕೂಗಿದರೆ ಏಳೆಂಟು ಕೂಗು. ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರೆ?

ಡಿಸೆಂಬರ್, ಜನವರಿ ಅಂದರೆ ನಮ್ಮಲ್ಲಿ ಶಾಲಾ ಪ್ರವಾಸದ ಕಾಲ. ಅದೂ ನನಗೆ ಹೊಳೆದಿರಲಿಲ್ಲ. ಹನ್ನೊಂದೂವರೆಗೆ ನಾನು ಮುಟ್ಟಿದಾಗ ಹೊರಗೆ ಬಸ್ಸುಗಳ ಸಾಲು. ಮೂಲೆಯ ಗೋಪುರದ ಒಳಗೆ ಮೆಟ್ಟಿಲು ಕಿರಿದು, ಎತ್ತರ. ಹತ್ತುವವರು, ಇಳಿಯುವವರು ಎಲ್ಲ ಅದರಲ್ಲೇ. ಮೇಲೆ ಹೋದರೆ ಶಿಳ್ಳೆ, ಕಿರುಚಾಟ, ಟೀಚರುಗಳ ಗದರಿಕೆ, ಎಲ್ಲ ಸೇರಿ ಒಂದೇ ಗದ್ದಲ. ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ಆ ಮಕ್ಕಳ ತಪ್ಪಲ್ಲ. ಅವರು ಕೂಗದೆ ಇನ್ಯಾರು ಕೂಗಬೇಕು? ಅಷ್ಟು ಹೊತ್ತಿಗೆ ಹೋದ ನನ್ನದೇ ತಪ್ಪು.

ನನಗೆ ಅದು ಬರೀ ನೋಡುವ ಜಾಗವಾಗಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಅಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ಸಾಗರದಿಂದ ಶಾಲೆಯವರ ಜೊತೆ ಅಲ್ಲಿಗೆ ಹೋಗಿದ್ದರು. ಜೀವನದಲ್ಲಿ ಅವರು ಮಾಡಿದ ಮೊದಲ ದೊಡ್ಡ ಪ್ರಯಾಣ ಅದು. ಈಗ ಮಂಡಿ ನೋವು, ಆ ಮೆಟ್ಟಿಲು ಹತ್ತಲು ಆಗುವುದಿಲ್ಲ. "ಮೇಲೆ ಹೋಗಿ ಮೆಲ್ಲಗೆ ಏನಾದ್ರೂ ಹೇಳು, ಫೋನಲ್ಲಿ ಹಿಡ್ಕೊಂಡು ಬಾ" ಅಂದಿದ್ದರು. ಹಿಡಿದುಕೊಂಡು ಬಂದದ್ದು ಬರೀ ಶಿಳ್ಳೆ. ಅಮ್ಮ ಪೂರ್ತಿ ಕೇಳಿದರು. "ನಾವೂ ಹಿಂಗೇ ಕೂಗಿದ್ವಿ" ಅಂದರು. ಅವರಿಗೆ ಬೇಜಾರಾಗಲಿಲ್ಲ. ನನಗೆ ಆಯಿತು.

ಉಳಿದದ್ದೂ ಹಾಗೇ ಹಾಳಾಯಿತು. ಗಡಿಯಾರ ನೋಡುತ್ತಾ ಇಬ್ರಾಹಿಂ ರೋಜಾಕ್ಕೆ ಹತ್ತು ನಿಮಿಷ, ಮುಲ್ಕ್ ಮೈದಾನ್ ತೋಪಿಗೆ ಐದು ನಿಮಿಷ. ಬಾರಾ ಕಮಾನ್ ಆಟೋದಿಂದಲೇ ನೋಡಿದೆ. ನಾಲ್ಕಕ್ಕೆ ಬಾದಾಮಿ ಬಸ್ಸು ಹಿಡಿದೆ. ಊಟ ಕೂಡ ಮಾಡಿರಲಿಲ್ಲ.

ಮೂರು ವರ್ಷ ಬಿಟ್ಟು ಮತ್ತೆ ಹೋದೆ. ಈ ಸಲ ಫೆಬ್ರವರಿ, ವಾರದ ನಡುವೆ, ಮೂರು ರಾತ್ರಿ, ಬೇರೆ ಯಾವ ಊರೂ ಇಲ್ಲ.

ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋದೆ. ಕೆಳಗಿನ ಹಜಾರದಲ್ಲಿ ಒಬ್ಬರೂ ಇರಲಿಲ್ಲ. ಅಷ್ಟು ದೊಡ್ಡ ಗುಮ್ಮಟ, ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲ, ಕೆಳಗೆ ಒಂದೇ ಒಂದು ಕಂಬವಿಲ್ಲ. ಒಂದರ ಮೇಲೊಂದು ಹಾಯುವ ಕಮಾನುಗಳೇ ಭಾರ ಹೊತ್ತಿವೆ. ನಡುವೆ ಕಟ್ಟೆಯ ಮೇಲೆ ಇಲ್ಲಿ ಆಳಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ, ಅವನ ಬೇಗಂಗಳು, ಅವನ ಮೆಚ್ಚಿನ ನರ್ತಕಿ ರಂಭಾ, ಎಲ್ಲರ ಗೋರಿಗಳು. ನಿಜವಾದ ಸಮಾಧಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಅವನು ತೀರಿಕೊಂಡದ್ದು 1656ರಲ್ಲಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೂ ಹೆಜ್ಜೆ ಸದ್ದು ಮೇಲಿಂದ ಕೇಳುತ್ತಿತ್ತು.

ಮೇಲೆ ಹತ್ತಿದ ಮೇಲೆ ಒಂದು ವಿಷಯ ಹೊಳೆಯಿತು. ಪಿಸುಮಾತಿಗೆ ಇಬ್ಬರು ಬೇಕು. ಒಬ್ಬಳೇ ಬಂದವಳು ಯಾರ ಜೊತೆ ಮಾತಾಡುವುದು? ಸುಮ್ನೆ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಬಿಳಿ ಟೋಪಿ ಹಾಕಿದ್ದ ಒಬ್ಬ ಹಿರಿಯರು ಬೆಳಗಿನ ವಾಕಿಂಗಿಗೆ ಬಂದವರು ನನ್ನನ್ನು ನೋಡಿ, "ಒಬ್ಬಾಕೇ ಬಂದೀರೇನ್ರೀ? ಇಲ್ಲೇ ಗ್ವಾಡಿಗೆ ಕಿವಿ ಹಚ್ಚಿ ನಿಂದರ್ರಿ" ಅಂದರು. ನಿಧಾನವಾಗಿ ಸುತ್ತು ಹಾಕಿ ಎದುರು ಬದಿಗೆ ಹೋದರು. ಅಲ್ಲಿಂದ ಅವರು ಅಂಗೈಯಷ್ಟು ಕಾಣುತ್ತಿದ್ದರು. ಗೋಡೆ ಕಡೆ ಮುಖ ತಿರುಗಿಸಿದರು.

"ಚಾ ಆತೇನ್ರೀ?"

ಕಿವಿಯ ಪಕ್ಕದಲ್ಲೇ. ಉಸಿರು ಕೂಡ ಕೇಳಿಸಿತು. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಆಮೇಲೆ ಅವರು ಜೇಬಿನಿಂದ ಒಂದು ಚೀಟಿ ತೆಗೆದು ಹರಿದರು. ಪರ್ ಅಂತ ಹರಿದ ಸದ್ದು, ಎಳೆ ಎಳೆಯಾಗಿ. ನಾನು ಗೋಡೆಗೆ ಬಾಯಿಟ್ಟು "ಅಮ್ಮಾ" ಅಂದೆ. ಆ ಕಡೆಯಿಂದ ಬಂತು, "ಅವ್ವನ್ನ ಕರ್ದ್ರಿ, ಹೌದಿಲ್ಲೊ?" ಫೋನು ಅಷ್ಟನ್ನೂ ಹಿಡಿದಿತ್ತು.

ಊರಿಗೆ ಬಂದು ಅಮ್ಮನಿಗೆ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. "ಚಾ ಆಯ್ತು ಅಂತ ನೀನು ಹೇಳ್ಲೇ ಇಲ್ಲವಲ್ಲೇ ಅವರಿಗೆ" ಅಂದರು.

ಈಗ ನಿಮ್ಮ ಪ್ರಶ್ನೆ. ಅರ್ಧ ದಿನ ಸಾಕಾ ಅಂತ ಕೇಳುವುದೇ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿಜಯಪುರ ದಾರಿಯಲ್ಲಿ ಇಳಿದು ಹತ್ತುವ ಸ್ಟಾಪ್ ಅಲ್ಲ. 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ ಊರು, ಒಂದು ಕಾಲದ ರಾಜಧಾನಿ. ಎರಡು ರಾತ್ರಿ ಇರಲು ಆಗದಿದ್ದರೆ ಈ ಸಲ ಬಿಟ್ಟುಬಿಡಿ, ಬಾದಾಮಿಯನ್ನೇ ಚೆನ್ನಾಗಿ ನೋಡಿ ಬನ್ನಿ. ಅರೆಬರೆ ನೋಡಿ "ಅಯ್ಯೋ ಇಷ್ಟೇನಾ" ಅಂದುಕೊಂಡು ಬರಬೇಡಿ.

ಇನ್ನೇನಿದೆ ಅಂತ ಕೇಳಿದಿರಲ್ಲ, ಇಬ್ರಾಹಿಂ ರೋಜಾ ಇದೆ. ನನ್ನನ್ನು ಕೇಳಿದರೆ ಗೋಳಗುಮ್ಮಟಕ್ಕಿಂತ ಅದೇ ಚೆಂದ. ಗೋಳಗುಮ್ಮಟ ದೊಡ್ಡದು, ಇದು ನಾಜೂಕು. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿ, ಮಸೀದಿ, ನಡುವೆ ಹೊಂಡ. ಎರಡನೇ ಇಬ್ರಾಹಿಂ ಆದಿಲ್ ಶಾಹ ಅಲ್ಲಿ ಮಲಗಿದ್ದಾನೆ. ಸರಸ್ವತಿಯನ್ನು ನೆನೆದು ಹಾಡು ಕಟ್ಟಿದ ದೊರೆ, ಜನ ಅವನನ್ನು ಜಗದ್ಗುರು ಅನ್ನುತ್ತಿದ್ದರು. ಅಲ್ಲಿನ ಕಿಟಕಿಗಳ ಹತ್ತಿರ ಹೋಗಿ ನಿಲ್ಲಿ. ಕಲ್ಲಿನ ಜಾಲರಿ ಅಂದುಕೊಳ್ಳುತ್ತೀರಿ, ಅದು ಅಕ್ಷರ. ಅರಬ್ಬೀ ಬರಹವನ್ನೇ ಕೊರೆದು ಜಾಲರಿ ಮಾಡಿದ್ದಾರೆ. ಬೆಳಕು ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ. ಎರಡನೇ ಸಲ ನಾನು ಅಲ್ಲಿ ಒಂದು ಇಡೀ ಮಧ್ಯಾಹ್ನ ಕೂತಿದ್ದೆ. ಯಾರೂ ಏಳಿ ಅನ್ನಲಿಲ್ಲ.

ಸಂಜೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹನ ಗೋರಿ, ಮುಗಿಯಲೇ ಇಲ್ಲ. 1672ರಲ್ಲಿ ಅವನು ಸತ್ತ, ಮೇಲೆ ಚಾವಣಿಯೇ ಬರಲಿಲ್ಲ, ಕಮಾನುಗಳು ಆಕಾಶಕ್ಕೆ ನಿಂತಿವೆ. ಊರಿನವರು ಮಕ್ಕಳನ್ನು ಕರೆದುಕೊಂಡು ಅಲ್ಲಿ ಹುಲ್ಲಿನ ಮೇಲೆ ಕೂರಲು ಬರುತ್ತಾರೆ. ಮುಲ್ಕ್ ಮೈದಾನ್ ತೋಪನ್ನೂ ಬಿಡಬೇಡಿ, 55 ಟನ್ ತೂಕ, 1549ರಲ್ಲಿ ಎರಕ ಹೊಯ್ದದ್ದು. ಬಾಯಿ ಹತ್ತಿರ ಬಗ್ಗಿ ನೋಡಿ, ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಬಿದ್ದಿದೆ. ತಾಜ್ ಬಾವಡಿ ಅನ್ನುವ ದೊಡ್ಡ ಬಾವಿ, ಉಪ್ಪಲಿ ಬುರುಜು ಅನ್ನುವ ಕಾವಲು ಗೋಪುರ, ಜುಮ್ಮಾ ಮಸೀದಿ ಎಲ್ಲ ನಿಮಗೆ ಸಮಯ ಸಿಕ್ಕಂತೆ.

ಒಬ್ಬಳೇ ಅಂತ ಭಯ ಬೇಡ. ಇದು ನನ್ನ ಅನುಭವ. "ಒಬ್ಬಾಕೇ ಬಂದೀರೇನ್ರೀ" ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಮೊದಲ ದಿನ ನನಗೆ ಕಿರಿಕಿರಿ ಆಯಿತು. ಖಾನಾವಳಿಯ ಅಕ್ಕ ಅದೇ ಮಾತು ಕೇಳಿ, ಉತ್ತರಕ್ಕೂ ಕಾಯದೆ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದರಲ್ಲ, ಆಗ ಅರ್ಥವಾಯಿತು. ಅದು ವಿಚಾರಣೆಯಲ್ಲ, ವಿಚಾರಿಸಿಕೊಳ್ಳುವುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದೊಡ್ಡ ಹೋಟೆಲಿನಲ್ಲಿ ಉತ್ತರ ಭಾರತದ ಥಾಲಿ ತಿಂದು ಬರಬೇಡಿ ದಯವಿಟ್ಟು. ರಾತ್ರಿ ಒಂಬತ್ತರೊಳಗೆ ಕೋಣೆ ಸೇರಿಕೊಳ್ಳುತ್ತಿದ್ದೆ. ದಿನವಿಡೀ ಅಷ್ಟು ನಡೆದ ಮೇಲೆ ಅದು ಬೇಕಾಗಿಯೂ ಇತ್ತು.

ಏಪ್ರಿಲ್, ಮೇ ಬೇಡವೇ ಬೇಡ, 40 ಡಿಗ್ರಿ ದಾಟುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಅದನ್ನೇ ನೋಡಬೇಕೆಂದರೆ ಹೋಗಿ, ಇಲ್ಲವಾದರೆ ಆ ವಾರ ತಪ್ಪಿಸಿ. ಶುಕ್ರವಾರ ಗೋಳಗುಮ್ಮಟದ ಮುಂದಿನ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ.

ಬಾದಾಮಿ, ವಿಜಯಪುರ ಎರಡೂ ಬೇಕೇ ಬೇಕು ಅಂದರೆ ಬಾದಾಮಿಯನ್ನು ಮೊದಲು ಮುಗಿಸಿ. ರೈಲಿನಲ್ಲೂ ಹಾಗೇ, ಗದಗ, ಬಾದಾಮಿ, ಬಾಗಲಕೋಟೆ ದಾಟಿದ ಮೇಲೇ ವಿಜಯಪುರ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಹೋಗುವ ದಾರಿಯೂ ಅದೇ. ಸಂಜೆ ವಿಜಯಪುರ ಮುಟ್ಟಿ, ರಾತ್ರಿ ಚೆನ್ನಾಗಿ ಮಲಗಿ, ಬೆಳಗಾಗುತ್ತಿದ್ದ ಹಾಗೆ ಗೋಳಗುಮ್ಮಟದ ಗೇಟಿನ ಮುಂದೆ ನಿಂತಿರಿ. ನನ್ನ ಹಾಗೆ ರಾತ್ರಿ ಬಸ್ಸಿನಲ್ಲೇ ಹೋಗುವುದಾದರೆ, ಬ್ಯಾಗನ್ನು ಲಾಡ್ಜಿನಲ್ಲಿ ಇಟ್ಟು, ಮುಖ ತೊಳೆದು, ಹಾಗೇ ಹೊರಟುಬಿಡಿ. ಮಂಚದ ಮೇಲೆ ಕೂರಲೂ ಬೇಡಿ.