ಹಾಗೇ ಮನೆಗೆ ಬರುವ ಡಬ್ಬಿ

ಪ್ರಶ್ನೆ: ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದೇನೆ. ಬೆಳಗ್ಗೆ 10ಕ್ಕೆ ಹೋದರೆ ರಾತ್ರಿ 8ರವರೆಗೆ. ಊಟಕ್ಕೆ ಹತ್ತು ನಿಮಿಷ, ಅದೂ ಗೋದಾಮಿನಲ್ಲಿ ನಿಂತುಕೊಂಡು. ಗಿರಾಕಿ ಬಂದರೆ ಕೈ ತೊಳೆದು ಓಡಬೇಕು. ಎಷ್ಟೋ ದಿನ ಡಬ್ಬಿ ಹಾಗೇ ಮನೆಗೆ ಬರುತ್ತದೆ. ಈಗ ಹೊಟ್ಟೆಯುರಿ ಶುರುವಾಗಿದೆ. ಕೆಲಸ ಕೊಡಿಸಿದ್ದು ನನ್ನ ಸೋದರಮಾವ, ಮಾಲೀಕರು ಅವರ ಗೆಳೆಯರು. ನಾನು ಬಾಯಿ ಬಿಟ್ಟರೆ ಮಾವನ ಮರ್ಯಾದೆ ಹೋಗುತ್ತದೆಯೇ?

ಉತ್ತರ: ಬೆಳಗ್ಗೆ ಎದ್ದು ಕಟ್ಟಿಕೊಂಡ ಬುತ್ತಿಯನ್ನು ರಾತ್ರಿ ಹಳಸಿತೆಂದು ಚೆಲ್ಲುವುದನ್ನು ನೆನೆದೇ ನನಗೆ ಸಂಕಟವಾಯಿತು. ನೀವು ಮಾಲೀಕರ ಬಳಿ ದಾಕ್ಷಿಣ್ಯ ಕೇಳುತ್ತಿಲ್ಲಮ್ಮ. ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಒಬ್ಬರಿಂದ ಸತತ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು ಎನ್ನುತ್ತದೆ ಅದರ 9ನೇ ಕಲಂ. ತುತ್ತು ಬಾಯಲ್ಲಿರುವಾಗಲೇ ಸೀರೆ ಬಿಚ್ಚಿ ತೋರಿಸಲು ಓಡಬೇಕಾದರೆ ಅದನ್ನು ವಿರಾಮ ಎನ್ನಲಾಗದು.

10ಕ್ಕೆ ಕೆಲಸ ಹಿಡಿದವರಿಗೆ 3 ಗಂಟೆಯೊಳಗೆ ಬಿಡುವು ಸಿಗಬೇಕು. ಹಾಗಾಗಿ ಪಾಳಿ ಮಾಡಿಕೊಳ್ಳಬಹುದು: ಅರ್ಧ ಜನ 1ರಿಂದ 2, ಉಳಿದವರು 2ರಿಂದ 3. ಮದುವೆ ಸೀಸನ್ನಿನಲ್ಲೂ ಕೌಂಟರ್ ಖಾಲಿ ಬೀಳುವುದಿಲ್ಲ. ಮೊದಲ ಪಾಳಿಯವರು 2ಕ್ಕೆ ನಿಂತರೆ 8ಕ್ಕೆ ಆರು ಗಂಟೆಯಾಗುತ್ತದೆ, ಆದ್ದರಿಂದ ಸಂಜೆಯ ಬಿಡುವನ್ನೂ ಕೇಳಿ. ಕೂರಲು ಸ್ಟೂಲನ್ನೂ ಕೇಳಿ. ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಆಸನ ಇಡಲೇಬೇಕೆಂದು ಕಾನೂನಿಗೇ ಸೇರಿಸಿತು, ಕೇರಳ ಅದಕ್ಕೂ ಮೊದಲೇ.

ಮಾವನ ವಿಷಯ. ಅವರಿಗೆ ಗೊತ್ತಾಗದಂತೆ ಮಾಡಲು ಹೋಗಬೇಡಿ, ಅವರ ಬಳಿಯೇ ಮೊದಲು ಹೋಗಿ. ಸೊಸೆ ಹೊಟ್ಟೆಗಿಲ್ಲದೆ ನಿಂತಿರುತ್ತಾಳೆಂದು ಅವರಿಗೆ ತಿಳಿದೇ ಇರಲಿಕ್ಕಿಲ್ಲ. "ಮಾವ, ಕೆಲಸ ಬಿಡಲ್ಲ, ಕೂತು ಉಣ್ಣೋಕೆ ಹೊತ್ತು ಬೇಕು ಅಷ್ಟೆ" ಅನ್ನಿ. ಗೆಳೆಯನ ಕಿವಿಗೆ ಇದನ್ನು ಹಾಕಲು ಅವರಿಗಿಂತ ಸರಿಯಾದವರು ಯಾರಿದ್ದಾರೆ? ಅಂಗಡಿಯಲ್ಲಿ ಮಾತ್ರ ಒಬ್ಬರೇ ಮಾತೆತ್ತಬೇಡಿ. ಜೊತೆಯ ಹುಡುಗಿಯರ ಡಬ್ಬಿಯೂ ಹಾಗೇ ಮನೆಗೆ ಹೋಗುತ್ತಿರುತ್ತದೆ. ಎಲ್ಲರೂ ಸೇರಿ, ಗಿರಾಕಿ ಕಡಿಮೆಯಿರುವ ಹೊತ್ತು ನೋಡಿ, ಪಾಳಿಯ ಚೀಟಿ ಬರೆದುಕೊಂಡೇ ಹೋಗಿ.

ಅದಕ್ಕೂ ಜಗ್ಗದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕಾರ್ಮಿಕ ನಿರೀಕ್ಷಕರನ್ನು ಕಾಣಿ. ನಿಮ್ಮ ಹೆಸರು ಹೊರಬೀಳುವುದು ಬೇಡವೆಂದು ಅವರಿಗೆ ಮೊದಲೇ ಹೇಳಿ. ಕೆಲಸ ಹೋದೀತೆಂಬ ಭಯವಿದ್ದರೆ ಇದೂ ತಿಳಿದಿರಲಿ: ಸತತ ಆರು ತಿಂಗಳು ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ನಿಮ್ಮದು ಮೂರು ವರ್ಷ. ಸಂಬಳ ಖಾತೆಗೆ ಬಂದ ದಾಖಲೆ, ಹಾಜರಿ ಪುಸ್ತಕದ ಫೋಟೊ ಜೋಪಾನವಾಗಿಟ್ಟುಕೊಳ್ಳಿ.

ಹೊಟ್ಟೆಯುರಿಗೆ ಮಾತ್ರ ಮಾಲೀಕರ ಉತ್ತರ ಕಾಯಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ.